ಕೋಟೆಯ ಕಲ್ಲು ಎಲ್ಲಿಗೆ ಹೋಯಿತು?

ಹೋದ ಭಾನುವಾರ ನಾವು ಮೂವರು ಎರಡು ಬೈಕಿನಲ್ಲಿ ವನದುರ್ಗಕ್ಕೆ ಹೋಗಿದ್ದೆವು. ಶಹಾಪುರ ಕಡೆಯವರಿಗೆ ಈ ಕೋಟೆ ಹೊಸದಲ್ಲ, ಸುರಪುರದ ನಾಯಕರು ಕಟ್ಟಿಸಿದ್ದು. ಹಳೆಯ ಶಾಸ್ತ್ರದ ಲೆಕ್ಕದಲ್ಲಿ ಗುಡ್ಡ ಕಾಯ್ದರೆ ಗಿರಿದುರ್ಗ, ನೀರು ಕಾಯ್ದರೆ ಜಲದುರ್ಗ, ಕಾಡು ಕಾಯ್ದರೆ ವನದುರ್ಗ. ಈಗ ಕಾಡು ಎನ್ನಲು ಜಾಲಿ ಕಂಟಿಯೇ ಗತಿ.

ಗೋಡೆಯ ಬುಡದಲ್ಲಿ ಆಡು ಮೇಯಿಸುತ್ತಿದ್ದ ಅಜ್ಜನೊಬ್ಬರು ಕೇಳಿದರು: "ಏನ್ ನೋಡಾಕ ಬಂದೀರಿ ತಮ್ಮಾ? ಇಲ್ಲಿ ಬರೇ ಕಲ್ಲದಾವ."

"ಅದ ಕಲ್ಲ ನೋಡಾಕ ಬಂದೀವಿ ಯಜ್ಜಾ" ಅಂದೆವು. ಅವರು ನಕ್ಕು ಆಡಿನ ಹಿಂದೆ ಹೋದರು.

ನೆರಳಿಗೆ ಕೂತಾಗ ನಮ್ಮಲ್ಲೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಲಿಬಿಯಾ ದೇಶದಲ್ಲಿ ಮೆಡಿಟರೇನಿಯನ್ ಸಮುದ್ರದ ದಂಡೆಗಿರುವ ಲೆಪ್ಟಿಸ್ ಮ್ಯಾಗ್ನಾ ಎಂಬ ಹಾಳೂರು. ರೋಮನ್ನರ ಕಾಲದ್ದು. ಕಲ್ಲಿನ ಕಮಾನು, ಮಾರುಕಟ್ಟೆ, ಸಮುದ್ರಕ್ಕೆ ಮುಖ ಮಾಡಿದ ನಾಟಕದ ಬಯಲು. ಆ ಊರಿನ ಮಗ ಸೆಪ್ಟಿಮಿಯಸ್ ಸೆವೆರಸ್ ರೋಮಿಗೇ ಚಕ್ರವರ್ತಿಯಾಗಿ 193ರಿಂದ 211ರವರೆಗೆ ಆಳಿದ, ಹುಟ್ಟಿದೂರಿಗೆ ಕೈತುಂಬ ಖರ್ಚು ಮಾಡಿದ. "ಅದು ನೋಡ್, ಇದು ನೋಡ್" ಎಂದು ಗೆಳೆಯ ನಮ್ಮ ಗೋಡೆಯತ್ತ ಕೈ ತೋರಿಸಿದ.

ಆ ಊರು ಹಾಗೆ ಉಳಿದದ್ದು ಯಾರೋ ಕಾಯ್ದರು ಎಂದಲ್ಲ, ಮರಳು ಮುಚ್ಚಿಕೊಂಡಿತ್ತು ಎಂದು. ಮರಳಿನ ಮೇಲೆ ಕಂಡದ್ದಕ್ಕೆ ಕೈಕಾಲು ಬಂದವು. 17ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಅಧಿಕಾರಿಯೊಬ್ಬ ನೂರಾರು ಅಮೃತಶಿಲೆಯ ಕಂಬಗಳನ್ನು ಹಡಗಿಗೆ ಹೇರಿಸಿದ. ಕೆಲವು ವರ್ಸೇಲ್ಸ್ ಅರಮನೆ ಸೇರಿದವು. ಮುಂದೆ ಇಂಗ್ಲೆಂಡಿನವರೂ ಒಯ್ದರು. ಆ ಕಂಬಗಳನ್ನು 1820ರ ದಶಕದಲ್ಲಿ ವಿಂಡ್ಸರ್‌ನ ರಾಜರ ತೋಟದಲ್ಲಿ ನಿಲ್ಲಿಸಿ, ಚಂದಕ್ಕೆಂದು ಹೊಸದೊಂದು 'ಹಾಳು ಗುಡಿ' ಕಟ್ಟಿದರು! ನಮ್ಮ ಕಡೆ ಯಾರಾದರೂ ಕೋಟೆ ಕಲ್ಲು ತಂದು ದನದ ಕೊಟ್ಟಿಗೆ ಕಟ್ಟಿದರೆ ಬೈಯುತ್ತೇವೆ. ಕೊಟ್ಟಿಗೆಗಾದರೂ ಒಂದು ಉಪಯೋಗವಿದೆ.

ಇಲ್ಲಿಗೆ ಸನ್ನತಿ ನೆನಪಾಯಿತು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ದಂಡೆಗೆ ಚಂದ್ರಲಾಂಬೆಯ ಸನ್ನಿಧಿ. ನಮ್ಮ ಊರುಗಳಿಂದ ಜಾತ್ರೆಗೆ ಹೋಗದವರು ಕಡಿಮೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದರ ತುಂಬ ಅಕ್ಷರ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ! ಲೆಪ್ಟಿಸ್‌ನ ಸೆವೆರಸ್ ಹುಟ್ಟುವುದಕ್ಕೂ ಸುಮಾರು ನಾಲ್ಕು ನೂರು ವರ್ಷ ಮೊದಲಿನದು. ಮೂರ್ತಿ ಕೂರಿಸಲು ನಟ್ಟನಡುವೆ ಚೌಕಾಕಾರದ ತೂತು ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿಬಿಟ್ಟಿವೆ. ಕೊರೆದವರಿಗೆ ಕೇಡಿನ ಮನಸ್ಸಿರಲಿಲ್ಲ, ದೇವರ ಕೆಲಸವೇ ಮಾಡುತ್ತಿದ್ದರು. ಆ ಲಿಪಿ ಓದುವವರು ಆಗ ಯಾರೂ ಉಳಿದಿರಲಿಲ್ಲ, ಅಷ್ಟೇ.

ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧ ಸ್ತೂಪವೇ ಎದ್ದುಬಂತು. ಒಂದು ಚಪ್ಪಡಿಯಲ್ಲಿ ರಾಜ ನಿಂತಿದ್ದಾನೆ, ಜೊತೆಗೆ ರಾಣಿ, ಛತ್ರ ಚಾಮರ ಹಿಡಿದವರು. ಮೇಲೆ 'ರಾಯೋ ಅಸೋಕೋ' ಎಂದು ಹೆಸರು. ಲೆಪ್ಟಿಸ್ ಬೆಳೆಯುತ್ತಿದ್ದ ಕಾಲಕ್ಕೆ ಶಾತವಾಹನರ ಆಳ್ವಿಕೆಯಲ್ಲಿ ಈ ಭೀಮಾ ದಂಡೆಯೂ ತುಂಬಿದ ಊರು. ರೋಮಿನ ರೊಕ್ಕ ಕರ್ನಾಟಕಕ್ಕೂ ಬಂದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಹಿಂದುಸ್ತಾನದ ಸರಕಿಗೆ ನಮ್ಮ ದುಡ್ಡೆಲ್ಲ ಹೋಗುತ್ತಿದೆ ಎಂದು ಪ್ಲಿನಿ ಎಂಬ ರೋಮಿನ ಪಂಡಿತ ಗೊಣಗಿದ್ದಾನೆ.

ವನದುರ್ಗ ಅಷ್ಟು ಹಳೆಯದಲ್ಲ. ಆದರೆ ಕಟ್ಟಿದ ಮನೆತನ ಸಣ್ಣದಲ್ಲ. 1705ರಲ್ಲಿ ಮುದುಕ ಔರಂಗಜೇಬ ತಾನೇ ಬಂದು ಈ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿ ಎರಡು ತಿಂಗಳಿಗೂ ಹೆಚ್ಚು ಕಾದ. ಅವನ ಕೊನೆಯ ಮುತ್ತಿಗೆ ಅದೇ. ದೆಹಲಿಯ ಚರಿತ್ರೆಯ ಪುಸ್ತಕದಲ್ಲಿ ನಮ್ಮ ತಾಲ್ಲೂಕಿನ ಹಳ್ಳಿ ಬರುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಲೆಪ್ಟಿಸ್ 1982ರಲ್ಲೇ ಯುನೆಸ್ಕೊ ಪಟ್ಟಿ ಸೇರಿತು. ನಮಗೆ ಆ ಪಟ್ಟಿ ಈಗಲೇ ಬೇಡ. ಕಲ್ಲು ಕೀಳುವ ಮೊದಲು ಅದರ ಮೈಮೇಲೆ ಏನಿದೆ ಎಂದು ಒಮ್ಮೆ ನೀರು ಹಾಕಿ ತೊಳೆದು ನೋಡಿದರೂ ಸಾಕಿತ್ತು.

ಇದನ್ನೆಲ್ಲ ಮಾತಾಡುತ್ತ ಇಳಿಯುವಾಗ, ವಿಡಿಯೊ ತೋರಿಸಿದ ಗೆಳೆಯ ಸುಮ್ಮನಾದ. ಅವನ ಅಜ್ಜನ ಮನೆಯ ಹೊಸ್ತಿಲು ಊರ ಹಳೇ ಹುಡೇವಿನಿಂದ ತಂದ ಕಲ್ಲಂತೆ. ರಾತ್ರಿ ಮನೆಗೆ ಹೋದವನೇ ತೊಳೆದು, ಬ್ಯಾಟರಿ ಹಿಡಿದು ಫೋಟೊ ಕಳಿಸಿದ. ಅಕ್ಷರವಿಲ್ಲ. ಒಂದು ಮೂಲೆಯಲ್ಲಿ, ದೊಡ್ಡ ಬಾಗಿಲು ತಿರುಗಿ ತಿರುಗಿ ನುಣುಪಾದ ಗುಂಡಿಯಿದೆ. ಯಾವ ಅಗಸಿಯದೋ.