ಒಡೆಯುವುದನ್ನು ಕಲಿತ ಗಾಜು



ನಮ್ಮ ಹಿರಿಯರ ಮನೆಗಳಲ್ಲಿ ಗಾಜಿಗೆ ಇದ್ದ ಸ್ಥಾನ ಬಹಳ ಕಿರಿದು. ಮಾಡಿನಲ್ಲಿ ಬೆಳಕಿಗೆಂದು ಇಟ್ಟ ಒಂದೆರಡು ಗಾಜಿನ ಹೆಂಚು, ಲಾಂದ್ರದ ಗಾಜು, ದೇವರ ಪಟದ ಗಾಜು – ಹೆಚ್ಚೆಂದರೆ ಇಷ್ಟೇ. ಕಿಟಕಿಯೆಂದರೆ ಕಬ್ಬಿಣದ ಸರಳು ಮತ್ತು ಮರದ ಕದ. ಕಳ್ಳನನ್ನು ತಡೆಯುವ ಹೊಣೆ ಸರಳಿನದಾಗಿತ್ತೇ ಹೊರತು ಗಾಜಿನದಾಗಿರಲಿಲ್ಲ. ಇಂದು ನೀವು ಕಟ್ಟಿಸುವ ಮನೆಗಳಲ್ಲಿ ಮೆಟ್ಟಿಲಿನ ಕಟಕಟೆ ಗಾಜು, ಸ್ನಾನಗೃಹದ ಬಾಗಿಲು ಗಾಜು. ಅಂಗಡಿಗಳಿಗಂತೂ ಮುಂಭಾಗವೆಲ್ಲ ಗಾಜು. ಗೋಡೆಯ ಕೆಲಸವನ್ನು ಗಾಜಿಗೆ ಒಪ್ಪಿಸಿದ್ದೇವೆ. ಅದು ಗೋಡೆಯಷ್ಟು ನಂಬಿಕೆಗೆ ಅರ್ಹವೇ?

ಈ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ಕುತೂಹಲಕರವಾದುದು. ಎಂದೆಂದಿಗೂ ಒಡೆಯದ ಗಾಜನ್ನು ಮನುಷ್ಯ ಇದುವರೆಗೆ ಮಾಡಿಲ್ಲ. ಅವನು ಸಾಧಿಸಿದ್ದು ಬೇರೆ: ಒಡೆಯುವಾಗ ಹೇಗೆ ಒಡೆಯಬೇಕೆಂಬುದನ್ನು ಅವನು ಗಾಜಿಗೆ ಕಲಿಸಿದ. ಈ ಪಾಠ ಎರಡು ದಾರಿಗಳಲ್ಲಿ ನಡೆಯಿತು.

ಮೊದಲನೆಯ ದಾರಿ ಒಂದು ಆಟದ ವಸ್ತುವಿನಿಂದ ಆರಂಭವಾಯಿತು. ಕರಗಿದ ಗಾಜಿನ ಹನಿಯೊಂದನ್ನು ತಣ್ಣೀರಿಗೆ ಬಿಟ್ಟರೆ ಗೊದಮೊಟ್ಟೆಯ ಆಕಾರದ, ಸಣ್ಣ ಬಾಲವುಳ್ಳ ಗಟ್ಟಿ ಹನಿಯಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯದು. ಬಾಲದ ತುದಿಯನ್ನು ಬೆರಳಿನಿಂದ ಮುರಿದರೆ ಕ್ಷಣಮಾತ್ರದಲ್ಲಿ ಇಡೀ ಹನಿ ಪುಡಿಪುಡಿಯಾಗಿ ಸಿಡಿಯುತ್ತದೆ. ರಾಜಕುಮಾರ ರೂಪರ್ಟ್ ಇಂತಹ ಹನಿಗಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ತಂದುಕೊಟ್ಟ. ದೊರೆ ಅವನ್ನು 1661ರಲ್ಲಿ ರಾಯಲ್ ಸೊಸೈಟಿಯ ವಿದ್ವಾಂಸರಿಗೆ ಪರೀಕ್ಷೆಗೆಂದು ಕಳುಹಿಸಿದ. ರಾಬರ್ಟ್ ಹುಕ್ 1665ರ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಇವುಗಳನ್ನು ಚರ್ಚಿಸಿದ್ದಾನೆ.

ರಹಸ್ಯ ಇಷ್ಟೇ. ನೀರಿಗೆ ಬಿದ್ದ ಹನಿಯ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಆರಿ ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಬಿರುಕು ಹುಟ್ಟಬೇಕಾದರೆ ಮೇಲ್ಮೈ ಬಾಯ್ದೆರೆಯಬೇಕು; ಬಿಗಿದುಕೊಂಡ ಮೇಲ್ಮೈ ಸುಲಭವಾಗಿ ಬಾಯ್ದೆರೆಯದು. ಆದರೆ ಬಿರುಕು ಒಮ್ಮೆ ಒಳಹೊಕ್ಕರೆ ಕೂಡಿಟ್ಟ ಬಿಗಿತವೆಲ್ಲ ಏಕಕಾಲಕ್ಕೆ ಬಿಡುಗಡೆಯಾಗುತ್ತದೆ. ಎಸ್. ಚಂದ್ರಶೇಖರ್ ಮತ್ತು ಎಂ. ಎಂ. ಚೌಧರಿ ಎಂಬ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿವೇಗದ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದು, ಬಿರುಕು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಅಧಿಕ ವೇಗದಲ್ಲಿ ಓಡುವುದನ್ನು ತೋರಿಸಿದರು.

ಈ ತತ್ತ್ವವನ್ನು ಬಳಕೆಗೆ ತಂದವನು ಫ್ರಾನ್ಸಿನ ರಾಯೆರ್ ದ ಲಾ ಬಾಸ್ಟಿ. ಕಮ್ಮಾರನು ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿ ಹದಗೊಳಿಸುವಂತೆ, ಆತ ಕಾಯಿಸಿದ ಗಾಜನ್ನು ಬಿಸಿ ಎಣ್ಣೆಗೆ ಅದ್ದಿ ಹದಗೊಳಿಸುವ ವಿಧಾನಕ್ಕೆ 1874ರಲ್ಲಿ ಪೇಟೆಂಟ್ ಪಡೆದ. ಈಗ 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿದ ಹಾಳೆಯ ಮೇಲೆ ರಭಸದಿಂದ ಗಾಳಿಯೂದಿ ಈ ಕೆಲಸ ಮಾಡುತ್ತಾರೆ. ಇದೇ ‘ಟಫನ್ಡ್’ ಗಾಜು. ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕೈದು ಪಟ್ಟು ಬಲ ಇದಕ್ಕುಂಟು. ಒಡೆದರೆ ಕಲ್ಲುಸಕ್ಕರೆಯಂತಹ ಮೊಂಡು ಹರಳುಗಳಾಗಿ ಉದುರುತ್ತದೆ.

ಈ ವ್ಯತ್ಯಾಸದ ಬೆಲೆ ನಮ್ಮ ಕುಟುಂಬಕ್ಕೆ ಗೊತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯ ಹುಡುಗನೊಬ್ಬ ಅಂಗಡಿಯೊಂದರ ಗಾಜಿನ ಬಾಗಿಲು ತೆರೆದಿದೆಯೆಂದು ಭಾವಿಸಿ ಓಡಿದ. ಅದು ಸಾಮಾನ್ಯ ಗಾಜು. ಕತ್ತಿಯ ಅಲಗಿನಂತಹ ಚೂರುಗಳು ಮುಂಗೈಯನ್ನು ಸೀಳಿದವು. ಹನ್ನೊಂದು ಹೊಲಿಗೆಗಳಾದವು, ಆ ಕೈಯ ಹೆಬ್ಬೆರಳು ಇಂದಿಗೂ ಪೂರ್ತಿಯಾಗಿ ಮಡಚುವುದಿಲ್ಲ. ಅಲ್ಲಿ ಟಫನ್ಡ್ ಗಾಜಿದ್ದಿದ್ದರೆ ಬಹುಶಃ ಒಡೆಯುತ್ತಲೇ ಇರಲಿಲ್ಲ. ಒಡೆದಿದ್ದರೂ ತರಚುಗಾಯಕ್ಕೆ ಮುಗಿಯುತ್ತಿತ್ತು.

ಎರಡನೆಯ ದಾರಿಯ ಮೂಲ ಒಂದು ಆಕಸ್ಮಿಕ. 1903ರಲ್ಲಿ ಎದುಆರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ಕಲಾವಿದ ಹಾಗೂ ರಸಾಯನಜ್ಞನ ಪ್ರಯೋಗಶಾಲೆಯಲ್ಲಿ ಗಾಜಿನ ಬುದ್ದಲಿಯೊಂದು ಎತ್ತರದಿಂದ ಬಿದ್ದಿತಂತೆ. ಮೈಯೆಲ್ಲ ಬಿರುಕು, ಆದರೆ ಒಂದು ಚೂರೂ ಕಳಚಿರಲಿಲ್ಲ. ಹಿಂದೆ ಅದರಲ್ಲಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ, ಒಳಗೋಡೆಗೆ ತೆಳುಪೊರೆಯಾಗಿ ಅಂಟಿಕೊಂಡಿತ್ತು. 1909ರಲ್ಲಿ ಆತ ಎರಡು ಗಾಜಿನ ಹಾಳೆಗಳ ನಡುವೆ ಸೆಲ್ಯುಲಾಯ್ಡ್ ಇಟ್ಟು ಅಂಟಿಸಿದ ‘ಟ್ರಿಪ್ಲೆಕ್ಸ್’ ಗಾಜಿಗೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿಗೆ ಈ ಬಗೆಯ ಗಾಜು ಬಂದಿತು. ಸೆಲ್ಯುಲಾಯ್ಡ್ ಬಿಸಿಲಿಗೆ ಹಳದಿಯಾಗುತ್ತಿದ್ದುದರಿಂದ 1930ರ ದಶಕದ ಕೊನೆಯ ಹೊತ್ತಿಗೆ ಪಾಲಿವಿನೈಲ್ ಬ್ಯೂಟಿರಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಅದರ ಸ್ಥಾನವನ್ನು ಪಡೆಯಿತು. ಒಬ್ಬಟ್ಟಿನೊಳಗಿನ ಹೂರಣದಂತೆ ನಡುವೆ ಕುಳಿತಿರುವ ಈ ಪದರವೇ ‘ಲ್ಯಾಮಿನೇಟೆಡ್’ ಗಾಜಿನ ಜೀವಾಳ. ಗಾಜು ಬಿರುಕುಬಿಟ್ಟರೂ ಪದರ ಅದನ್ನು ಹಿಡಿದಿಡುತ್ತದೆ. ಸೂರ್ಯನ ನೇರಳಾತೀತ ಕಿರಣಗಳನ್ನೂ ಇದು ಬಹುಮಟ್ಟಿಗೆ ತಡೆಯುವುದರಿಂದ, ಅಂಗಡಿಯಲ್ಲಿ ತೂಗುಹಾಕಿದ ಸೀರೆಗಳ ಬಣ್ಣ ಮಾಸುವುದೂ ನಿಧಾನವಾಗುತ್ತದೆ.

ಕಾವಲಿನ ಮಾತಿಗೆ ಬಂದರೆ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಒಳ್ಳೆಯ ನಿದರ್ಶನ. 1956ರಲ್ಲಿ ಒಬ್ಬಾತ ‘ಮೋನಾ ಲೀಸಾ’ ಚಿತ್ರಕ್ಕೆ ಕಲ್ಲೆಸೆದಾಗ ಎದುರಿನ ಗಾಜು ಒಡೆದು, ಮೊಣಕೈಯ ಬಳಿ ಬಣ್ಣ ಕಿತ್ತಿತು. 2009ರಲ್ಲಿ ಮಹಿಳೆಯೊಬ್ಬಳು ಮಣ್ಣಿನ ಲೋಟವನ್ನೆಸೆದಳು. ಆ ಹೊತ್ತಿಗೆ ಗುಂಡುನಿರೋಧಕ ಗಾಜು ಬಂದಿತ್ತು. ಒಡೆದದ್ದು ಲೋಟ ಮಾತ್ರ.

ಮನೆಗಳ ಮಾತಿಗೆ ಅಮೆರಿಕದ ಫ್ಲಾರಿಡಾ ಸಾಕ್ಷಿ. 1992ರ ಆಗಸ್ಟಿನಲ್ಲಿ ‘ಆಂಡ್ರೂ’ ಚಂಡಮಾರುತ ಬೀಸಿದಾಗ, ಕಿಟಕಿ ಒಡೆದ ಮನೆಗಳೊಳಗೆ ಗಾಳಿ ನುಗ್ಗಿ ಮಾಡನ್ನು ಒಳಗಿನಿಂದಲೇ ಎತ್ತಿಹಾಕಿತು. ಆಮೇಲೆ ಅಲ್ಲಿನ ಡೇಡ್ ಕೌಂಟಿಯ ಕಟ್ಟಡ ನಿಯಮ ಬಿಗಿಯಾಯಿತು: ಸುಮಾರು ನಾಲ್ಕು ಕಿಲೋಗ್ರಾಂ ತೂಕದ ಮರದ ತುಂಡನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಕಿಟಕಿಗೆ ಹೊಡೆದು ಪರೀಕ್ಷಿಸುವ ಪದ್ಧತಿ ಬಂದಿತು. ಗಾಜು ಬಿರುಕುಬಿಡಬಹುದು, ಆದರೆ ಚೌಕಟ್ಟನ್ನು ಬಿಡಕೂಡದು.

ಆದರೆ ಗುಣವಿದ್ದಲ್ಲಿ ಮಿತಿಯೂ ಇರುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದಾಗ, ಹೊಗೆಯಲ್ಲಿ ಸಿಲುಕಿದವರು ಉಸಿರಿಗಾಗಿ ಗಾಜು ಒಡೆಯಬೇಕಾಯಿತು. ಒಂಬತ್ತು ಮಂದಿ ಜೀವ ಕಳೆದುಕೊಂಡರು. ಕಳ್ಳನನ್ನು ತಡೆಯುವ ಗಾಜು ಒಳಗಿದ್ದವರನ್ನೂ ತಡೆಯಬಲ್ಲದು. ಆದುದರಿಂದ ಗಾಜು ಎಷ್ಟು ಬಲವಾಗಿದ್ದರೂ ತೆರೆಯುವ ಕಿಟಕಿಯೂ ಹೊರಹೋಗುವ ದಾರಿಯೂ ಇರಲೇಬೇಕು.

ಮನೆ, ಅಂಗಡಿ ಕಟ್ಟಿಸುವವರು ಇಷ್ಟನ್ನು ನೆನಪಿಡಿ. ಸ್ನಾನಗೃಹಕ್ಕೆ, ಮಕ್ಕಳು ಓಡಾಡುವ ಕಡೆಯ ಬಾಗಿಲಿಗೆ ಟಫನ್ಡ್ ಗಾಜು ಹೊಂದುತ್ತದೆ. ಆದರೆ ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗದು, ಅಳತೆಯನ್ನು ಮೊದಲೇ ಸರಿಯಾಗಿ ಕೊಡಬೇಕು. ಚೂಪಾದ ಮೊನೆಯ ಒಂದು ಪೆಟ್ಟಿಗೆ ಅದು ಪೂರ್ತಿ ಉದುರಬಹುದಾದ್ದರಿಂದ ಕಳ್ಳನ ಎದುರು ಅದನ್ನೊಂದನ್ನೇ ನಂಬಬಾರದು. ಅಂಗಡಿಯ ಮುಂಭಾಗಕ್ಕೂ, ತಲೆಯ ಮೇಲಿನ ಗಾಜಿಗೂ, ಮಹಡಿಯ ಕಟಕಟೆಗೂ ಲ್ಯಾಮಿನೇಟೆಡ್ ಲೇಸು. ಅದನ್ನು ಭೇದಿಸಲು ಕಳ್ಳನಿಗೆ ಹಲವು ಪೆಟ್ಟುಗಳು ಬೇಕು. ಸದ್ದಾಗುತ್ತದೆ, ಹೊತ್ತು ಹಿಡಿಯುತ್ತದೆ. ಕಳ್ಳನಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಹೊತ್ತು. ಗಾಜಿನ ಮೂಲೆಯಲ್ಲಿ ಐಎಸ್ 2553 ಎಂಬ ಭಾರತೀಯ ಮಾನಕದ ಗುರುತಿದೆಯೇ ಎಂದು ನೋಡಿ. ಬಾಗಿಲಿನ ಗಾಜಿಗೆ ದೊಡ್ಡವರ ಕಣ್ಣಿನ ಮಟ್ಟದಲ್ಲಿ ಒಂದು, ಮಕ್ಕಳ ಕಣ್ಣಿನ ಮಟ್ಟದಲ್ಲಿ ಒಂದು ಬಣ್ಣದ ಪಟ್ಟಿಯನ್ನು ಅಂಟಿಸಿ. ಅದರ ಖರ್ಚು ಅತ್ಯಲ್ಪ. ಉಳಿಯುವುದು ಒಂದು ಮಗುವಿನ ಕೈ.