ವಿಪ್ಪಲ್ ಶಸ್ತ್ರಚಿಕಿತ್ಸೆ

ಮೇದೋಜ್ಜೀರಕ ಗ್ರಂಥಿಯ ತಲೆಭಾಗದಲ್ಲಿ ಅಥವಾ ಪಿತ್ತನಾಳದ ಕೆಳತುದಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ. ಕಾಮಾಲೆ ಕಾಣಿಸಿಕೊಂಡು, ತಪಾಸಣೆಯಲ್ಲಿ ರೋಗ ಗೊತ್ತಾಗುವುದು ಸಾಮಾನ್ಯ. ಗ್ರಂಥಿಯ ತಲೆ ಮತ್ತು ಡ್ಯುವೊಡಿನಂ (ಸಣ್ಣ ಕರುಳಿನ ಮೊದಲ ಭಾಗ) ಎರಡಕ್ಕೂ ರಕ್ತ ಪೂರೈಸುವ ನಾಳಗಳು ಒಂದೇ ಆದ್ದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು ಕಷ್ಟ; ಹಾಗಾಗಿ ಎರಡನ್ನೂ ತೆಗೆಯುತ್ತಾರೆ. ಪಿತ್ತಕೋಶವನ್ನೂ ಪಿತ್ತನಾಳದ ಒಂದು ಭಾಗವನ್ನೂ, ಕೆಲವೊಮ್ಮೆ ಜಠರದ ತುದಿಯನ್ನೂ ಜೊತೆಗೇ ತೆಗೆಯುತ್ತಾರೆ. ಬಳಿಕ ಉಳಿದ ಗ್ರಂಥಿ, ಪಿತ್ತನಾಳ ಮತ್ತು ಜಠರವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಬರ್ಲಿನ್‌ನಲ್ಲಿ ವಾಲ್ಟರ್ ಕೌಶ್ 1909ರಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದರು. ಆದರೂ ಹೆಸರು ನಿಂತದ್ದು 1935ರಲ್ಲಿ ಎರಡು ಹಂತಗಳ ವಿಧಾನವನ್ನು ಪ್ರಕಟಿಸಿದ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಅವರದು. ಜೋಡಣೆಗೆ ಬಳಸುತ್ತಿದ್ದ ಪ್ರಾಣಿಜನ್ಯವಾದ ಕ್ಯಾಟ್‌ಗಟ್ ಹೊಲಿಗೆದಾರವನ್ನು ಗ್ರಂಥಿಯ ರಸವೇ ಜೀರ್ಣಿಸಿಬಿಡುತ್ತಿತ್ತು. ಹಾಗಾಗಿ ವಿಪ್ಪಲ್ ರೇಷ್ಮೆ ದಾರ ಬಳಸಿದರು.

ದಾರ ಬದಲಾದರೂ ಗ್ರಂಥಿಯನ್ನು ಕರುಳಿಗೆ ಸೇರಿಸಿದ ಜೋಡಣೆಯ ಸೋರಿಕೆ ಇಂದಿಗೂ ದೊಡ್ಡ ತಲೆನೋವು. ಹೊಟ್ಟೆಯಿಂದ ಹೊರಬಿಟ್ಟ ಕೊಳವೆಯ ದ್ರವದಲ್ಲಿ ಗ್ರಂಥಿಯ ಕಿಣ್ವವಾದ ಅಮೈಲೇಸ್ ಎಷ್ಟಿದೆ ಎಂದು ಶಸ್ತ್ರಚಿಕಿತ್ಸೆಯ ನಂತರ ಮೂರನೆಯ ದಿನದ ಹೊತ್ತಿಗೆ ಅಳೆದು ಅದನ್ನು ಪತ್ತೆಹಚ್ಚುತ್ತಾರೆ. ಗ್ರಂಥಿಯ ಒಂದು ಭಾಗವನ್ನು ತೆಗೆದಿರುವುದರಿಂದ ಕೆಲವರಿಗೆ ಮಧುಮೇಹ ಬರಬಹುದು. ಅನೇಕರು ಊಟದೊಂದಿಗೆ ಕಿಣ್ವದ ಮಾತ್ರೆ ನುಂಗಬೇಕಾಗುತ್ತದೆ. ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಈಗ ಶೇ. 5ಕ್ಕಿಂತ ಕಡಿಮೆ.