ಬೀಳ್ಕೊಡುಗೆಯ ದಿನದ ಮೃತ್ಯುಪತ್ರ



ಫೆಬ್ರುವರಿ ತಿಂಗಳು ಮುಗಿಯುತ್ತ ಬಂತೆಂದರೆ ಕಾರವಾರ, ಅಂಕೋಲೆಗಳ ಹೈಸ್ಕೂಲುಗಳಲ್ಲಿ ಎರಡು ಬಗೆಯ ಗಾಳಿ ಬೀಸತೊಡಗುತ್ತದೆ. ಒಂದು ಪರೀಕ್ಷೆಯದು, ಇನ್ನೊಂದು ಬೀಳ್ಕೊಡುಗೆಯದು. ಹತ್ತನೆಯ ಇಯತ್ತೆಯವರಿಗೆ ಒಂಬತ್ತನೆಯವರು ಚಹ, ಅವಲಕ್ಕಿ ಕೊಡುತ್ತಾರೆ. ಹೆಡ್‌ಮಾಸ್ತರರು ಬುದ್ಧಿಮಾತು ಹೇಳುತ್ತಾರೆ. ಗ್ರೂಪ್ ಫೋಟೋ ಆಗುತ್ತದೆ. ಕೊನೆಗೆ, ‘ಯಾರಾದರೂ ಎರಡು ಮಾತಾಡಿ’ ಎಂದಾಗ ತರಗತಿಯ ತುಂಟನೊಬ್ಬ ಎದ್ದು ನಿಲ್ಲುತ್ತಾನೆ. ‘ಕಿಟಕಿಯ ಬದಿಯ ನನ್ನ ಹಿಂದಿನ ಬೆಂಚನ್ನು ಒಂಬತ್ತನೆಯವರಿಗೆ ಬಿಟ್ಟಿದ್ದೇನೆ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನೂ ಅವರಿಗೇ ಕೊಟ್ಟಿದ್ದೇನೆ’ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಗಂಟಲುಗಳು ಸಡಿಲಾಗುತ್ತವೆ.

ಈ ಒಂದು ನಿಮಿಷದ ತಮಾಷೆಗೂ ಇತಿಹಾಸವಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅದು ಸುಮಾರು 1600 ವರ್ಷಗಳಷ್ಟು ಹಳೆಯದು. ಮತ್ತೂ ಸ್ವಾರಸ್ಯವೆಂದರೆ, ಆ ಇತಿಹಾಸದ ಮೊದಲ ಪುಟದಲ್ಲಿ ನಿಂತಿರುವುದು ಒಂದು ಹಂದಿಮರಿ!

ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ‘ಹಂದಿಮರಿಯ ಮೃತ್ಯುಪತ್ರ’ ಎಂಬ ಪುಟ್ಟ ವಿನೋದ ಬರಹವೊಂದು ಹುಟ್ಟಿತು. ಅಡಿಗೆಯವನ ಕತ್ತಿ ಕೊರಳಿಗೆ ಬಂದಾಗ ಹಂದಿಮರಿ ಒಂದು ಗಳಿಗೆ ಅವಕಾಶ ಬೇಡಿ, ತನ್ನ ಆಸ್ತಿಯ ವಿಲೇವಾರಿ ಮಾಡುತ್ತದೆ. ತನಗೆ ಬರೆಯಲು ಬಾರದ್ದರಿಂದ ಹೇಳಿ ಬರೆಸುತ್ತದೆ. ಒರಟು ಕೂದಲು ಚಮ್ಮಾರರಿಗೆ, ನಾಲಿಗೆ ವಕೀಲರಿಗೆ, ಕಿವಿ ಕಿವುಡರಿಗೆ, ಮೂತ್ರಕೋಶ ಚಿಕ್ಕ ಹುಡುಗರಿಗೆ. ಆ ಕಾಲದ ಹುಡುಗರು ಅದನ್ನು ಊದಿ ಚೆಂಡಾಡುತ್ತಿದ್ದರು. ಕೊನೆಯಲ್ಲಿ ಕಾನೂನಿನ ಕ್ರಮದಂತೆ ಸಾಕ್ಷಿದಾರರ ರುಜುವೂ ಇದೆ. ಅದೇ ಕಾಲದಲ್ಲಿ ಬಾಳಿದ ಕ್ರೈಸ್ತ ವಿದ್ವಾಂಸ ಸಂತ ಜೆರೋಮ್, ಶಾಲೆಗಳಲ್ಲಿ ಹುಡುಗರ ಗುಂಪು ಇದನ್ನು ಹಾಡಿ ಹಾಡಿ ಗಹಗಹಿಸುತ್ತದೆ ಎಂದು ಕೊಂಚ ಬೇಸರದಿಂದಲೇ ದಾಖಲಿಸಿದ್ದಾನೆ. ಆ ಬೇಸರದಿಂದಾಗಿಯೇ ಹುಡುಗರ ನಗೆಗೆ ಇತಿಹಾಸದಲ್ಲಿ ಸ್ಥಾನ ಸಿಕ್ಕಿತು.

ಅಲ್ಲಿಂದ ಒಂದು ಸಾವಿರ ವರ್ಷ ದಾಟಿ ಫ್ರಾನ್ಸಿಗೆ ಬರೋಣ. ಪ್ಯಾರಿಸ್ ವಿಶ್ವವಿದ್ಯಾಲಯದಿಂದ 1452ರಲ್ಲಿ ಪದವಿ ಪಡೆದ ಫ್ರಾಂಸ್ವಾ ವಿಯೋಂ ಎಂಬ ಬಡ ಕವಿ 1456ರಲ್ಲಿ ಊರು ಬಿಟ್ಟು ಹೊರಡುವ ಸಂದರ್ಭವನ್ನು ಮುಂದಿಟ್ಟುಕೊಂಡು ಒಂದು ಕಾವ್ಯ ಬರೆದ. ಕ್ಷೌರಿಕನಿಗೆ ತನ್ನ ಕತ್ತರಿಸಿದ ಕೂದಲು, ಚಮ್ಮಾರನಿಗೆ ತನ್ನ ಹಳೆಯ ಜೋಡು, ಹೀಗೆ ಏನೂ ಇಲ್ಲದವನು ಎಲ್ಲರಿಗೂ ಏನಾದರೊಂದು ಹಂಚುತ್ತಾನೆ. ಮುಂದೆ ಅಮೆರಿಕದ ಕಾಲೇಜುಗಳಲ್ಲಿ ಪದವಿ ಪಡೆದು ಹೊರಡುವವರು ‘ಕ್ಲಾಸ್ ಡೇ’ ಆಚರಿಸುವ ಪದ್ಧತಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿನ ಹೈಸ್ಕೂಲುಗಳ ವಾರ್ಷಿಕ ಸಂಚಿಕೆಗಳಲ್ಲಿ ‘ತರಗತಿಯ ಮೃತ್ಯುಪತ್ರ’ ಎಂಬ ಪುಟ ಸಾಮಾನ್ಯವಾಗಿತ್ತು. ಒಬ್ಬ ತನ್ನ ಗಟ್ಟಿ ಧ್ವನಿಯನ್ನೂ, ಇನ್ನೊಬ್ಬಳು ತಡವಾಗಿ ಬರುವ ತನ್ನ ಚಟವನ್ನೂ ಕಿರಿಯರಿಗೆ ಬರೆದುಕೊಡುವ ಪುಟವದು.

ಹೊರಡುವ ವಿದ್ಯಾರ್ಥಿಯ ಕುರಿತು ನಮ್ಮ ದೇಶದಲ್ಲಿ ಇದಕ್ಕಿಂತ ಹಳೆಯ ವಿಚಾರವಿದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಉಪದೇಶ ಮಾಡುತ್ತಾನೆ. ಸತ್ಯ ನುಡಿ, ಧರ್ಮದಿಂದ ನಡೆ ಎಂಬ ಮಾತು ನಿಮಗೆ ಗೊತ್ತಿರುವುದೇ. ಆದರೆ ಅದೇ ಉಪದೇಶದಲ್ಲಿ ಇನ್ನೊಂದು ಮಾತಿದೆ. ನಮ್ಮಲ್ಲಿ ಯಾವ ಒಳ್ಳೆಯ ನಡತೆಗಳಿವೆಯೋ ಅವನ್ನು ಮಾತ್ರ ನೀನು ಅನುಸರಿಸು, ಉಳಿದವನ್ನು ಬಿಡು ಎಂಬುದು ಅದರ ತಾತ್ಪರ್ಯ. ತನ್ನಲ್ಲಿಯೂ ಬಿಡಬೇಕಾದದ್ದು ಇದೆ ಎಂದು ಗುರುವೇ ಒಪ್ಪಿಕೊಂಡ ಈ ಮಾತು ಬಹಳ ದೊಡ್ಡದು. ಹಿರಿಯರಿಂದ ಬರುವುದನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಳ್ಳಬೇಕಿಲ್ಲ, ಆರಿಸಿಕೊಳ್ಳುವ ಹಕ್ಕು ಕಿರಿಯರದು.

ಇನ್ನು ನಮ್ಮ ಕಡಲತೀರಕ್ಕೆ ಬರೋಣ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸುವವರೆಗೂ ಜಿಲ್ಲೆ ಮುಂಬಯಿಯೊಂದಿಗೇ ಇತ್ತು. ಸುಮಾರು ತೊಂಬತ್ತು ವರ್ಷಗಳ ಈ ನಂಟು ಶಾಲೆಗಳ ಮೇಲೂ ತನ್ನ ಗುರುತು ಬಿಟ್ಟಿದೆ. ‘ಇಯತ್ತೆ’ ಎಂಬ ಶಬ್ದ ಅಲ್ಲಿಂದ ಬಂದದ್ದು. ಶಾಲಾ ವಾರ್ಷಿಕೋತ್ಸವವನ್ನು ‘ಸ್ನೇಹ ಸಮ್ಮೇಳನ’ ಎಂದು ಕರೆಯುವ ರೂಢಿಯೂ ಅಲ್ಲಿಯದೇ.

ಆ ಕಾಲದ ಬೀಳ್ಕೊಡುಗೆ ನಿಜವಾದ ಅಗಲಿಕೆಯಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಕಾಲೇಜು ಬೇಕೆಂದವನು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಸ್ಥಾಪನೆಯಾದದ್ದು ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ. ಮೆಟ್ರಿಕ್ ಮುಗಿಸಿದ ಹುಡುಗರಲ್ಲಿ ಒಬ್ಬ ಹಡಗು ಹತ್ತಿ ಮುಂಬಯಿಗೆ ಹೋದರೆ, ಇನ್ನೊಬ್ಬ ಘಟ್ಟ ಹತ್ತಿ ಧಾರವಾಡಕ್ಕೆ, ಮತ್ತೊಬ್ಬ ತಂದೆಯ ಗದ್ದೆಗೋ ದೋಣಿಗೋ ಮರಳುತ್ತಿದ್ದ. ಮತ್ತೆ ಎಲ್ಲರೂ ಒಂದೆಡೆ ಸೇರುವುದು ಅನುಮಾನ. ಅಂಥ ಹೊತ್ತಿನಲ್ಲಿ ನಗೆಯೇ ಧೈರ್ಯ.

ಸ್ನೇಹ ಸಮ್ಮೇಳನದ ಜೊತೆಗೆ ಮುಂಬಯಿ ಸೀಮೆಯ ಕಾಲೇಜುಗಳಿಂದ ಇನ್ನೊಂದು ಆಟವೂ ಈ ಕಡೆಗೆ ಬಂತು. ಅದೇ ‘ಫಿಶ್ ಪಾಂಡ್’. ಒಂದು ಡಬ್ಬಿಯಲ್ಲಿ ಚೀಟಿಗಳನ್ನು ಹಾಕುತ್ತಾರೆ. ಒಂದೊಂದು ಚೀಟಿಯೂ ಒಂದೊಂದು ಮೀನು. ಅದರಲ್ಲಿ ಸಹಪಾಠಿಯ ಹೆಸರು, ಜೊತೆಗೆ ಒಂದು ಬಿರುದೋ ಒಂದು ಸಾಲು ಚೇಷ್ಟೆಯೋ ಇರುತ್ತದೆ. ಬರೆದವರ ಹೆಸರು ಮಾತ್ರ ಇರುವುದಿಲ್ಲ. ವೇದಿಕೆಯ ಮೇಲೆ ನಿಂತವನು ಮೀನು ಹಿಡಿದಂತೆ ಚೀಟಿ ಎತ್ತಿ ಗಟ್ಟಿಯಾಗಿ ಓದುತ್ತಾನೆ. ಮೀನಿನ ರುಚಿ ಬಲ್ಲ ನಮ್ಮ ಕರಾವಳಿಯವರಿಗೆ ಈ ಹೆಸರೇ ಹಿತವಾದದ್ದು!

ಆದರೆ ಮೀನಿಗೆ ಮುಳ್ಳೂ ಇರುತ್ತದೆ. ನಾನು ಓದುತ್ತಿದ್ದಾಗ ಕಂಡದ್ದನ್ನು ಹೇಳುತ್ತೇನೆ. ನಮ್ಮ ತರಗತಿಯಲ್ಲಿ ಮೀನುಗಾರರ ಕೇರಿಯ ಹುಡುಗನೊಬ್ಬನಿದ್ದ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಅವನೇ. ಆ ವರ್ಷದ ಫಿಶ್ ಪಾಂಡ್‌ನಲ್ಲಿ ಅವನ ಹೆಸರಿನ ಚೀಟಿ ಬಂತು. ಅದರಲ್ಲಿದ್ದದ್ದು ಒಣಮೀನಿನ ವಾಸನೆಯ ಮಾತು. ಸಭಾಗೃಹವೆಲ್ಲ ನಕ್ಕಿತು. ಅವನೂ ನಕ್ಕ. ನಾನೂ ನಕ್ಕೆ. ಮರುದಿನ ಗ್ರೂಪ್ ಫೋಟೋಕ್ಕೆ ಅವನು ಬರಲಿಲ್ಲ. ಆ ಫೋಟೋ ಇಂದಿಗೂ ನನ್ನ ಬಳಿ ಇದೆ. ಅದನ್ನು ನೋಡಿದಾಗಲೆಲ್ಲ ಅದರಲ್ಲಿ ಇಲ್ಲದ ಮುಖವೇ ನನಗೆ ಮೊದಲು ಕಾಣುತ್ತದೆ.

ಹಾಗಾದರೆ ತಪ್ಪು ನಗೆಯದೇ? ಅಲ್ಲ. ಈ ನೆಲಕ್ಕೆ ನಗೆ ಹೊಸದೇನೂ ಅಲ್ಲ. ಪರೀಕ್ಷೆಯ ಇದೇ ದಿನಗಳಲ್ಲಿ, ಹೋಳಿ ಹುಣ್ಣಿಮೆಯ ಹೊತ್ತಿಗೆ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರು ಸುಗ್ಗಿ ಕುಣಿಯುತ್ತಾರೆ. ಬಣ್ಣಬಣ್ಣದ ತುರಾಯಿ ಕಟ್ಟಿದ ಕುಣಿತದ ಜೊತೆಗೆ ‘ಹಗರಣ’ಗಳೂ ಬರುತ್ತವೆ. ಹಗರಣ ಎಂದರೆ ನೀವು ಪತ್ರಿಕೆಗಳಲ್ಲಿ ಓದುವ ಹಣದ ಅವ್ಯವಹಾರವಲ್ಲ. ಸಂಸ್ಕೃತದ ‘ಪ್ರಕರಣ’ ಹಳಗನ್ನಡದಲ್ಲಿ ‘ಪಗರಣ’ವಾಗಿ, ಮುಂದೆ ‘ಹಗರಣ’ವಾಯಿತು. ಅದರ ಮೂಲ ಅರ್ಥ ವಿಡಂಬನೆಯ ಆಟ. ಸುಗ್ಗಿಯ ಹಗರಣದಲ್ಲಿ ಬಡ ಒಕ್ಕಲಿಗ ವೇಷ ಕಟ್ಟಿ, ಊರ ನಡುವೆ ಎಲ್ಲರಿಗೂ ಕಾಣುವಂತೆ ನಿಂತು, ಲೋಕದ ಓರೆಕೋರೆಗಳನ್ನು ಅಣಕಿಸುತ್ತಾನೆ. ಅವನ ನಗೆ ಕೆಳಗಿನಿಂದ ಮೇಲಕ್ಕೆ ಹೋಗುವ ನಗೆ. ಚೀಟಿಯಲ್ಲಿ ಹೆಸರಿಲ್ಲದೆ ಅಡಗಿ, ತನಗಿಂತ ದುರ್ಬಲನ ಮೇಲೆ ಎಸೆಯುವ ನಗೆ ಬೇರೆ. ಈ ಎರಡರ ಅಂತರವನ್ನು ಕಾನೂನೂ ಗುರುತಿಸಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ನಿಷೇಧಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಅದರ ವಿರುದ್ಧ ಪ್ರತ್ಯೇಕ ನಿಯಮಾವಳಿಯನ್ನೇ ತಂದಿತು.

ಬಿಟ್ಟುಹೋಗುವುದು ಹೇಗೆಂಬುದಕ್ಕೆ ಅಂಕೋಲೆಯಲ್ಲೇ ಒಂದು ಘನವಾದ ಉದಾಹರಣೆಯಿದೆ. ಅಂಕೋಲಾ ತಾಲೂಕಿನ ಅಲಗೇರಿಯ ದಿನಕರ ದೇಸಾಯಿ (1909–1982) ಅವರನ್ನು ನೀವು ನಾಲ್ಕು ಸಾಲಿನ ಚುಟುಕಗಳ ಕವಿಯೆಂದು ಬಲ್ಲಿರಿ. ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿತ್ತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಜಿಲ್ಲೆಯ ಹಳ್ಳಿಗಳಿಗೆ ಶಾಲೆ ತಂದರು. ಅಂಕೋಲೆಯ ಗೋಖಲೆ ಕಾಲೇಜೂ ಅದೇ ಸಂಸ್ಥೆಯದು. ಸಮಾಜದ ಡಂಭಾಚಾರಕ್ಕೆ ಅವರ ಚುಟುಕ ಚುರುಕು ಮುಟ್ಟಿಸುತ್ತಿತ್ತು, ಆದರೆ ಅದರ ಕೆಳಗೆ ಅವರ ಹೆಸರಿರುತ್ತಿತ್ತು. ‘ನನ್ನ ದೇಹದ ಬೂದಿ’ ಎಂಬ ಅವರ ಕವಿತೆ ನಿಜಕ್ಕೂ ಒಂದು ಮೃತ್ಯುಪತ್ರವೇ. ತಮ್ಮ ಬೂದಿಯನ್ನು ಭತ್ತದ ಗದ್ದೆಯ ಕಡೆಗೆ ತೂರಿ, ಹೊಳೆಗೆ ಬಿಡಿ, ತಾವರೆಯ ಕೊಳಕ್ಕೆ ಬೀರಿ ಎಂದು ಅವರು ಕೇಳಿಕೊಳ್ಳುತ್ತಾರೆ. ತೆನೆಗೂ ಮೀನಿಗೂ ಹೂವಿಗೂ ಅದು ಗೊಬ್ಬರವಾಗಲಿ ಎಂಬ ಆಶೆ ಅವರದು. ಹಂದಿಮರಿ ನಗುತ್ತ ಮಾಡಿದ್ದನ್ನೇ ಕವಿ ಗಂಭೀರವಾಗಿ ಮಾಡಿದರು. ತನ್ನದನ್ನೇ ಹಂಚುವುದು, ಬೇಕಾದವರಿಗೆ ಮುಟ್ಟುವಂತೆ ಹಂಚುವುದು, ಇಬ್ಬರ ಕ್ರಮವೂ ಒಂದೇ.

ಇಲ್ಲಿಯೇ ಮೃತ್ಯುಪತ್ರಕ್ಕೂ ಹೆಸರಿಲ್ಲದ ಚೀಟಿಗೂ ಇರುವ ಭೇದ ತಿಳಿಯುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಮೃತ್ಯುಪತ್ರಕ್ಕೆ ಬರೆದವನ ರುಜು ಬೇಕು, ಕನಿಷ್ಠ ಇಬ್ಬರು ಸಾಕ್ಷಿದಾರರು ಬೇಕು. ತನ್ನ ಆಸ್ತಿಯನ್ನಷ್ಟೇ ಕೊಡಬಹುದು, ನೆರೆಮನೆಯವನದನ್ನು ಕೊಡಲು ಬರುವುದಿಲ್ಲ. ಅಪ್ರಾಪ್ತ ವಯಸ್ಕರು ಮೃತ್ಯುಪತ್ರ ಮಾಡುವಂತೆಯೇ ಇಲ್ಲ. ಅಂದರೆ ಹತ್ತನೆಯ ಇಯತ್ತೆಯ ನೀವು ಒಂದು ಪೆನ್ಸಿಲನ್ನೂ ಕಾನೂನುಬದ್ಧವಾಗಿ ಹೀಗೆ ಬರೆದುಕೊಡಲಾರಿರಿ! ನಿಮಗೆ ಕೊಡಲು ಉಳಿದಿರುವುದು ನಗೆ ಮಾತ್ರ. ಆದರೆ ನಿಯಮ ಅದಕ್ಕೂ ಒಪ್ಪುತ್ತದೆ: ನಿಮ್ಮ ದೋಷವನ್ನೇ ಕೊಡಿ, ಇನ್ನೊಬ್ಬರದನ್ನಲ್ಲ. ಹೆಸರು ಹಾಕಿ ಕೊಡಿ. ಎಲ್ಲರೆದುರು ಕೊಡಿ.

ಈ ನಿಯಮಕ್ಕೆ ತಕ್ಕ ಒಂದು ಮಾದರಿಯನ್ನು ನಿಮಗಾಗಿ ಬರೆದಿದ್ದೇನೆ.

‘ಹತ್ತನೆಯ ಇಯತ್ತೆಯ ನಾನು, ಸ್ವಸ್ಥ ಮನಸ್ಸಿನಿಂದ, ಗಣಿತದ ಪೇಪರಿನ ಹಿಂದಿನ ದಿನ ಅದು ಎಷ್ಟು ಸ್ವಸ್ಥವಿರಲು ಸಾಧ್ಯವೋ ಅಷ್ಟು ಸ್ವಸ್ಥ ಮನಸ್ಸಿನಿಂದ ಬರೆಸಿದ್ದು. ಹೆದ್ದಾರಿಯ ಲಾರಿಗಳನ್ನು ಎಣಿಸುವ ನನ್ನ ಅಭ್ಯಾಸವನ್ನು, ಕಿಟಕಿ ಸಮೇತ, ಒಂಬತ್ತನೆಯವರಿಗೆ ಕೊಟ್ಟಿದ್ದೇನೆ. ಬಸ್ಸು ಬರಲಿಲ್ಲ ಎಂಬ ನೆಪವನ್ನು ಎಂಟನೆಯವರಿಗೆ ಬಿಟ್ಟಿದ್ದೇನೆ. ಕಾಳಿ ನದಿಗೆ ಸೇತುವೆಯಿಲ್ಲದಿದ್ದಾಗ ಇದೇ ನೆಪ, ದೋಣಿ ಸಿಗಲಿಲ್ಲ ಎಂದಿತ್ತು. ಆದ್ದರಿಂದ ಇದು ಪಿತ್ರಾರ್ಜಿತ, ಜೋಪಾನವಾಗಿ ಬಳಸಿರಿ. ಬೀಜಗಣಿತದ ಹೆದರಿಕೆಯನ್ನು ಯಾರಿಗೂ ಕೊಡಲಾರೆ. ಅದು ನನ್ನ ಸ್ವಯಾರ್ಜಿತ ಆಸ್ತಿ. ಕೊನೆಯದಾಗಿ, ವಿಜ್ಞಾನದ ನನ್ನ ನೋಟ್ ಬುಕ್ಕನ್ನು, ಪುಸ್ತಕ ಕೊಳ್ಳಲು ಅನುಕೂಲವಿಲ್ಲದ ಕಿರಿಯರಿಗೆ ನಿಜವಾಗಿಯೂ ಕೊಟ್ಟಿದ್ದೇನೆ. ಇದು ತಮಾಷೆಯಲ್ಲ.’

ಆ ಕೊನೆಯ ಸಾಲನ್ನು ಗಮನಿಸಿರಿ. ನಗೆಯ ನಡುವೆ ಒಂದು ನಿಜವಾದ ಕೊಡುಗೆ ಇದ್ದರೆ ಇಡೀ ಪತ್ರಕ್ಕೆ ಬೆಲೆ ಬರುತ್ತದೆ. ಬೀಳ್ಕೊಡುಗೆಯ ಸಭೆಯಲ್ಲಿ ಹಿರಿಯನೊಬ್ಬ ತನ್ನ ಸೋಮಾರಿತನವನ್ನು ತಾನೇ ಹೇಳಿಕೊಂಡು ನಕ್ಕಾಗ, ಹಿಂದಿನ ಸಾಲಿನಲ್ಲಿ ಅಳುಕುತ್ತ ಕುಳಿತ ಕಿರಿಯನಿಗೆ ಒಂದು ಸಮಾಧಾನ ಸಿಗುತ್ತದೆ. ದೊಡ್ಡವರೂ ನಮ್ಮಂತೆಯೇ ಎಡವಿದವರು, ಆದರೂ ದಾಟಿದರು ಎಂಬ ಸಮಾಧಾನವದು. ಶಿಷ್ಯನೆದುರು ತನ್ನ ಕೊರತೆಯನ್ನು ಒಪ್ಪಿಕೊಂಡ ಉಪನಿಷತ್ತಿನ ಗುರು ಕೊಟ್ಟದ್ದೂ ಇದನ್ನೇ.

ಈ ಮಾರ್ಚಿನಲ್ಲಿ ನಿಮ್ಮ ಶಾಲೆಯಲ್ಲೂ ಬೀಳ್ಕೊಡುಗೆಯಾಗುತ್ತದೆ. ಎದ್ದು ನಿಂತು ಎರಡು ಮಾತಾಡಿರಿ, ಧಾರಾಳವಾಗಿ ನಗಿಸಿರಿ. ಮರುದಿನದ ಗ್ರೂಪ್ ಫೋಟೋದಲ್ಲಿ ಎಲ್ಲ ಮುಖಗಳೂ ಇರುವಂತೆ ಮಾತ್ರ ನೋಡಿಕೊಳ್ಳಿರಿ.